ಪ್ರಶಸ್ತಿ ಪಂಕ್ತಿಯಲ್ಲಿ ಕನ್ನಡಕ್ಕೆ ಕೊನೇ ಎಲೆಯೇ?

ಮದುವೆ ಮನೆಯ ಪಂಕ್ತಿ ಗೊತ್ತಲ್ಲ? ಮೊದಲ ಪಂಕ್ತಿಗೆ ಹೋಳಿಗೆ, ತುಪ್ಪ, ಬಡಿಸುವವರ ಉಪಚಾರ. ಕೊನೇ ಪಂಕ್ತಿಗೆ ತಳದ ಸಾರು, ತಣ್ಣಗಾದ ಅನ್ನ. ದಕ್ಷಿಣದ ನಾಲ್ಕು ಭಾಷೆಗಳ ಸಿನಿಮಾಗಳನ್ನು ಒಂದೇ ಚಪ್ಪರದಡಿ ಕೂರಿಸಿ ಪ್ರಶಸ್ತಿ ಹಂಚುವ ಮೇಳಗಳಲ್ಲಿ ಕನ್ನಡಕ್ಕೆ ಹಾಕುವ ಎಲೆ ಯಾವ ಪಂಕ್ತಿಯದು ಎಂಬುದು 2025ರ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ಬಯಲಾಯಿತು.

2012ರಲ್ಲಿ ಶುರುವಾದ ಸೈಮಾ ಮೇಳ ಅದು. ಮೊದಲ ದಿನ ತೆಲುಗು ಮತ್ತು ಕನ್ನಡ, ಮರುದಿನ ತಮಿಳು ಮತ್ತು ಮಲಯಾಳ. ‘ಭೀಮ’ ಚಿತ್ರದ ದುನಿಯಾ ವಿಜಯ್ ವೇದಿಕೆಯ ಮೇಲೆಯೇ ಸಿಡಿದರು. ಎಲ್ಲರದೂ ಮುಗಿದು ಜನ ಎದ್ದು ಹೋದಮೇಲೆ ಕನ್ನಡದವರನ್ನು ಕರೆಯುತ್ತೀರಲ್ಲ, ಇದೇ ನಡೆದರೆ ನಾವು ಬರುವುದಿಲ್ಲ ಎಂಬರ್ಥದ ಮಾತನ್ನು ಅಲ್ಲಿಯೇ ಆಡಿದರು. ಶಹಭಾಸ್! ಮಾತಿನಲ್ಲಿ ನಯ ಇತ್ತೋ ಇಲ್ಲವೋ, ಬೆನ್ನುಮೂಳೆಯಂತೂ ಇತ್ತು.

ಆದರೆ ಗೆಳೆಯರೇ, ಒಂದು ಪ್ರಶ್ನೆ. ವಿಜಯ್ ಬಾಯಿ ಬಿಡದಿದ್ದರೆ ಮನೆಯಲ್ಲಿ ಕುಳಿತ ನಮಗೆ ಇದು ಗೊತ್ತಾಗುತ್ತಿತ್ತೆ?

ಖಂಡಿತಾ ಇಲ್ಲ. ಇಂಥ ಸಮಾರಂಭಗಳು ಟೀವಿಗೆ ಬರುವಾಗ ಕತ್ತರಿ ಹಾಕಿಸಿಕೊಂಡು ಬರುತ್ತವೆ. ಖಾಲಿ ಕುರ್ಚಿ ಇದ್ದರೆ ಕತ್ತರಿಸಬಹುದು. ಚಪ್ಪಾಳೆ ಸಾಲದಿದ್ದರೆ ಬೇರೆ ಹೊತ್ತಿನ ಚಪ್ಪಾಳೆ ತಂದು ಅಂಟಿಸಬಹುದು. ಮನೆಯ ಪರದೆಯಲ್ಲಿ ಸದಾ ತುಂಬಿದ ಸಭೆ, ಸದಾ ನಗುಮುಖ. ಅವಮಾನ ಆದದ್ದೇ ಗೊತ್ತಾಗದಂತೆ ಅವಮಾನ ಮಾಡುವ ವಿದ್ಯೆ ಇದು.

ಜಗಳೂರು ತಾಲ್ಲೂಕಿನ ನಮ್ಮ ಸೊಕ್ಕೆ ಹೋಬಳಿಯ ಕಡೆ ಬನ್ನಿ. ಮಳೆ ನಂಬಿದ ಸೀಮೆ. ಹಗಲೆಲ್ಲ ಮೆಕ್ಕೆಜೋಳದ ಹೊಲದಲ್ಲಿ ದಣಿದವರು ಉಂಡು ಕೈತೊಳೆದು ಟೀವಿ ಮುಂದೆ ಕೂತರೆ ಅದೇ ಅವರ ಟಾಕೀಸು, ಅದೇ ಅವರ ಜಾತ್ರೆ. ಒಂದು ರಾತ್ರಿ ಪ್ರಶಸ್ತಿ ಸಮಾರಂಭ ಬರುತ್ತಿತ್ತು. ನಿರೂಪಕಿ ಮುಕ್ಕಾಲು ಇಂಗ್ಲಿಷು, ಕಾಲು ಕನ್ನಡ. ಪ್ರಶಸ್ತಿ ಹಿಡಿದ ನಮ್ಮ ಹೀರೋ ಪೂರಾ ಇಂಗ್ಲಿಷು. ಹೆಸರು ಬೇಡ, ಒಬ್ಬನಾದರೆ ಹೇಳಬಹುದಿತ್ತು.

‘ಏನಂತದಾನೋ ತಮ್ಮಾ ಅವ್ನು?’ ಎಂದಳು ಅಜ್ಜಿ.

‘ಥ್ಯಾಂಕ್ಸ್ ಹೇಳ್ತದಾನಜ್ಜಿ.’

‘ಯಾರಿಗೆ?’

‘ನಮಗೇ ಅಂತೆ. ಸಿನಿಮಾ ನೋಡಿದೋರಿಗೆ.’

‘ನಮಗಾದ್ರೆ ನಮ್ಮ ಮಾತ್ನಾಗೆ ಹೇಳ್ಬೇಕಪ್ಪ. ಅದ್ಯಾರಿಗೋ ಹೇಳ್ತದಾನೆ ಬಿಡು’ ಎಂದು ಅಜ್ಜಿ ಎದ್ದು ಹಾಸಿಗೆ ಕೊಡವಿದಳು.

ಆಕೆಗೆ ಸಿನಿಮಾ ಗೊತ್ತಿಲ್ಲ ಎಂದುಕೊಳ್ಳಬೇಡಿ. 1972ರ ‘ನಾಗರಹಾವು’ ತಯಾರಾದದ್ದು ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ಕೂಡ ಅದೇ ಜಿಲ್ಲೆಯಲ್ಲಿತ್ತು. ಈ ಸೀಮೆಯ ಹಿರಿಯರಿಗೆ ಕನ್ನಡ ಸಿನಿಮಾ ಎಂದರೆ ತಮ್ಮ ಕಲ್ಲು, ತಮ್ಮ ಮಾತು. ಅಭಿಮಾನಿಗಳನ್ನು ದೇವರು ಎಂದು ಕರೆದ ರಾಜಕುಮಾರ್ ಆ ಮಾತನ್ನು ಕನ್ನಡದಲ್ಲಿಯೇ ಹೇಳಿದ್ದರು. ದೇವರಿಗೆ ಇಂಗ್ಲಿಷಿನಲ್ಲಿ ಮಂಗಳಾರತಿ ಎತ್ತುವ ಚಾಳಿ ಆಮೇಲಿನವರದು.

ಕನ್ನಡ ಸಿನಿಮಾಕ್ಕೆ ಯೋಗ್ಯತೆ ಇಲ್ಲದ್ದರಿಂದ ಕೊನೇ ಪಂಕ್ತಿಯೋ? ಲೆಕ್ಕ ತೆಗೆಯೋಣ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997), ‘ದ್ವೀಪ’ (2001). ಆರು ಸಲ ಇಡೀ ದೇಶದ ಅತ್ಯುತ್ತಮ ಚಿತ್ರ ಕನ್ನಡದ್ದು. ಅದರಲ್ಲಿ ನಾಲ್ಕು ಗಿರೀಶ್ ಕಾಸರವಳ್ಳಿ ಒಬ್ಬರವೇ. ಅವರದೇ ‘ಗುಲಾಬಿ ಟಾಕೀಸ್’ನಲ್ಲಿ ಡಿಶ್ ಆಂಟೆನಾದ ಕಲರ್ ಟೀವಿ ಬಡ ಸೂಲಗಿತ್ತಿಯೊಬ್ಬಳ ಗುಡಿಸಿಲಿಗೆ ಬಂದಾಗ ಊರಿನ ಹೆಚ್ಚಿನ ಹೆಂಗಸರು ಅಲ್ಲಿ ಸೇರುತ್ತಾರೆ. ಆ ಸೂಲಗಿತ್ತಿಯಾದ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು. 2024ರ ಅಕ್ಟೋಬರ್ 8ರಂದು ದೆಹಲಿಯ ವಿಜ್ಞಾನ ಭವನದಲ್ಲಿ ‘ಕಾಂತಾರ’ದ ರಿಷಬ್ ಶೆಟ್ಟಿ ರಾಷ್ಟ್ರಪತಿಯವರಿಂದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಯೋಗ್ಯತೆಯ ಮಾತು ಇಲ್ಲಿಗೆ ಮುಗಿಯಿತು.

ದೆಹಲಿಯ ಸಮಾರಂಭವೇನೂ ನಮ್ಮ ಭಾಷೆಯಲ್ಲಿ ನಡೆಯುವುದಿಲ್ಲ. ಅಲ್ಲಿಯ ನಿರೂಪಣೆ ಹಿಂದಿ ಮತ್ತು ಇಂಗ್ಲಿಷು. ಕನ್ನಡ ಚಿತ್ರಕ್ಕೆ ಕೊಡುವ ಗೌರವವನ್ನು ಕನ್ನಡಿಗ ತನ್ನ ಮನೆಯಲ್ಲಿ ಕುಳಿತು ಹಿಂದಿಯಲ್ಲಿ ಕೇಳಬೇಕು. ಅದೂ ಒಂದು ಜಗಳವೇ, ಅದನ್ನು ಬಿಟ್ಟಿಲ್ಲ. ಆದರೆ ದುಬೈಯವರನ್ನೂ ದೆಹಲಿಯವರನ್ನೂ ಬೈಯುವ ಮೊದಲು ನಮ್ಮ ಮನೆಯ ಒಲೆ ನೋಡಿಕೊಳ್ಳಬೇಕಲ್ಲ? ಅದರಲ್ಲಿ ಬೆಂಕಿಯೇ ಇಲ್ಲ!

ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿ 1966-67ರಿಂದ ಇದೆ. ಕನ್ನಡಕ್ಕೆ ಅದು ಸ್ವಂತ ಮನೆಯ ಮೊದಲ ಪಂಕ್ತಿ. ಅದರ ಗತಿ ಕೇಳಿ. 2019ನೇ ಸಾಲಿನ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ! ‘ಪೈಲ್ವಾನ್’ ಚಿತ್ರಕ್ಕೆ ಅತ್ಯುತ್ತಮ ನಟರಾದ ಸುದೀಪ್, ಪ್ರಶಸ್ತಿ ಸ್ವೀಕರಿಸುವುದನ್ನು ಬಿಟ್ಟು ವರ್ಷಗಳಾದವು ಎಂದು ನಯವಾಗಿ ಬೇಡವೆಂದರು. ಅದೇ 2019ರ ಪ್ರಶಸ್ತಿಗಳನ್ನು ಕೇರಳ ಪ್ರಕಟಿಸಿದ್ದು 2020ರ ಅಕ್ಟೋಬರಿನಲ್ಲಿ, ಕೊರೋನಾ ನಡುವೆಯೇ. ದೆಹಲಿ ಕೂಡ 2021ರಲ್ಲಿ ಪ್ರಕಟಿಸಿ ಕೊಟ್ಟೂ ಮುಗಿಸಿತು. ವಿಧಾನಸೌಧದವರಿಗೆ ಮಾತ್ರ ಐದು ವರ್ಷ ಬೇಕಾಯಿತು. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆದ ತಬರನ ಕಥೆಗೆ ಪ್ರಶಸ್ತಿ ಬಂದ ನಾಡಿನಲ್ಲಿ ಪ್ರಶಸ್ತಿಗಳೇ ತಬರನಂತೆ ಅಲೆಯುತ್ತಿವೆ.

ಐದು ವರ್ಷ ತಡವಾದರೆ ಏನಾಗುತ್ತದೆ? ಹೊಸ ಹುಡುಗನೊಬ್ಬ ಮೊದಲ ಸಿನಿಮಾ ಮಾಡಿರುತ್ತಾನೆ. ಆ ವರ್ಷವೇ ಪ್ರಶಸ್ತಿ ಬಂದು, ಅದನ್ನು ನಾಡೆಲ್ಲ ಟೀವಿಯಲ್ಲಿ ನೋಡಿದರೆ ಎರಡನೇ ಸಿನಿಮಾಕ್ಕೆ ನಿರ್ಮಾಪಕ ಸಿಕ್ಕಾನು. ಐದು ವರ್ಷದ ಮೇಲೆ ಬಂದರೆ ಗೋಡೆಗೆ ಮೊಳೆ ಹೊಡೆದು ನೇತುಹಾಕಬಹುದು, ಅಷ್ಟೇ. ಅಲ್ಲಿಯವರೆಗೆ ಆತ ಬೇರೆ ಭಾಷೆಯ ಧಾರಾವಾಹಿಗೆ ಕೆಲಸಕ್ಕೆ ಹೋಗಿರುತ್ತಾನೆ. ಸ್ವಂತ ಮನೆಯಲ್ಲಿ ಊಟ ಸಿಗದ ನಮ್ಮ ಕಲಾವಿದರು ದುಬೈನ ಕೊನೇ ಪಂಕ್ತಿಗೆ ವಿಮಾನ ಹತ್ತಿದರೆ ಅವರನ್ನು ಮಾತ್ರ ದೂರುವುದು ಹೇಗೆ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ರಾಜ್ಯ ಪ್ರಶಸ್ತಿಗೆ ಒಂದು ದಿನ ಗೊತ್ತುಮಾಡಿ. ರಾಜಕುಮಾರ್ ಹುಟ್ಟಿದ ಏಪ್ರಿಲ್ 24 ಇದೆ. ಹಿಂದಿನ ವರ್ಷದ ಪ್ರಶಸ್ತಿ ಆ ದಿನವೇ ಕೈಗೆ ಬರಲಿ. ದೂರದರ್ಶನದ ಚಂದನ ವಾಹಿನಿಯಲ್ಲಿ ಇಡೀ ಸಮಾರಂಭ ನೇರವಾಗಿ ಬರಲಿ, ಕತ್ತರಿ ಬೇಡ. ಚಂದನ ಫ್ರೀ ಡಿಶ್‌ನಲ್ಲಿಯೂ ಇದೆ, ತಿಂಗಳ ಬಾಡಿಗೆ ಕಟ್ಟಲಾಗದ ಸೊಕ್ಕೆಯ ಮನೆಗೂ ಬರುತ್ತದೆ. ನಿರೂಪಣೆ ಪೂರ್ತಿ ಕನ್ನಡದಲ್ಲಿರಲಿ. ಮಂತ್ರಿಗಳ ಭಾಷಣಕ್ಕೆ ಐದು ನಿಮಿಷ, ಬೆಳಕು ಹಿಡಿದವನಿಗೆ, ಬಣ್ಣ ಹಚ್ಚಿದವನಿಗೆ ಉಳಿದ ಹೊತ್ತು. ನಮ್ಮಲ್ಲಿ ಇದು ಸದಾ ತಿರುವುಮುರುವು.

ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯ ರೂಮುಗಳಲ್ಲಿರುವ ಗೆಳೆಯರೇ, ವಿಜಯ್ ಮಾತಿನ ತುಣುಕನ್ನು ಫೋನಿನಲ್ಲಿ ಹಂಚಿ ಸಿಟ್ಟು ತೀರಿಸಿಕೊಂಡಿರಲ್ಲ, ಮರುದಿನ ಏನು ಮಾಡಿದಿರಿ? ವಾರ್ತಾ ಇಲಾಖೆಗೆ ಒಂದು ಪತ್ರ ಬರೆಯಿರಿ: ಬಾಕಿ ಉಳಿದ ವರ್ಷಗಳ ಪ್ರಶಸ್ತಿ ಯಾವಾಗ? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿಯ ಕೆಲಸ. ನಿಮ್ಮ ಮೆಚ್ಚಿನ ನಟನ ಅಭಿಮಾನಿ ಸಂಘದಲ್ಲಿದ್ದರೆ ಕಟೌಟಿಗೆ ಹಾಲು ಹೊಯ್ಯುವ ಮೊದಲು ಆತನನ್ನೇ ಕೇಳಿ: ಅಣ್ಣಾ, ಮುಂದಿನ ಸಲ ವಿಮಾನ ಹತ್ತುವ ಮೊದಲು ಕನ್ನಡದ ಸರದಿ ಎಷ್ಟು ಗಂಟೆಗೆ, ನಿರೂಪಣೆ ಯಾವ ಭಾಷೆಯಲ್ಲಿ ಎಂದು ಬರಹದಲ್ಲಿ ತರಿಸಿಕೊಳ್ಳುತ್ತೀಯಾ? ಪ್ರಶಸ್ತಿ ಹಿಡಿದಾಗ ಎರಡು ಮಾತು ಕನ್ನಡದಲ್ಲಿ ಆಡುತ್ತೀಯಾ?