ಕಾಡಿನಾಚೆಯ ಲಿನಕ್ಸ್, ಈಚೆಯ ಪ್ರಶ್ನೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ವಯನಾಡು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ಕೇರಳ ತನ್ನದೇ ಆದ ಕಾರ್ಯಾಚರಣಾ ವ್ಯವಸ್ಥೆ ‘ಕೈಟ್ ಗ್ನೂ/ಲಿನಕ್ಸ್’ ಅನ್ನು ಸಜ್ಜುಗೊಳಿಸಿದೆ. ಇದರಲ್ಲಿ ಸ್ವಂತದ್ದೇನು ಎಂದು ಕೇಳುವವರಿದ್ದಾರೆ. ಇದರ ತಳಹದಿ ಉಬುಂಟು. ಉಬುಂಟುವಿಗೆ ಆಧಾರ 1993ರ ಡೆಬಿಯನ್. ಎಲ್ಲದರ ಒಡಲಲ್ಲಿರುವುದು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಕರ್ನೆಲ್. 2023ರಲ್ಲಿ ‘ಸ್ವದೇಶಿ’ ಎಂಬ ಬಿರುದಿನೊಡನೆ ಬಂದ ಭರೋಸ್ ಕೂಡ ಆಂಡ್ರಾಯ್ಡ್‌ನ ಮುಕ್ತ ಆಕರದ ಮೇಲೆಯೇ ನಿಂತಿತ್ತು. ಆಗಲೂ ಇದೇ ಆಕ್ಷೇಪ ಕೇಳಿಬಂತು.

ಆದರೆ ಪಡೆದು ಬದಲಿಸುವುದು ಮುಕ್ತ ತಂತ್ರಾಂಶದ ಪರವಾನಗಿಯೇ ಕೊಟ್ಟ ಹಕ್ಕು. ಕೇರಳದ ಹೊಸತನವನ್ನು ಕರ್ನೆಲಿನಲ್ಲಿ ಹುಡುಕಿದರೆ ಸಿಗದು. ಪಠ್ಯಪುಸ್ತಕ, ಕಲಿಕಾ ತಂತ್ರಾಂಶ, ಮಾತೃಭಾಷೆ, ಶಿಕ್ಷಕರ ತರಬೇತಿ ಇವಿಷ್ಟನ್ನೂ ಒಟ್ಟಿಗೆ ಹೆಣೆದ ಬಗೆಯಲ್ಲಿ ಅದಿದೆ. ಕಾಸರಗೋಡಿನ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ದೊರೆಯುತ್ತದೆ ಎಂಬುದು ಕರ್ನಾಟಕ ತುಸು ಮುಜುಗರದಿಂದ ಗಮನಿಸಬೇಕಾದ ಸಂಗತಿ.

ಕನ್ನಡಕ್ಕೆ ಸಾಧನಗಳ ಬರವೇನಿಲ್ಲ. ಸಿ-ಡ್ಯಾಕ್ 2007ರಲ್ಲಿ ಹೊರತಂದ, ಡೆಬಿಯನ್ ಆಧಾರಿತ ಬಾಸ್ ಲಿನಕ್ಸ್ ಕನ್ನಡವನ್ನೂ ಬಲ್ಲುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳೂ ಕಲಿಯುವ ಚಾಮರಾಜನಗರ ಜಿಲ್ಲೆಗೆ ಹೊಂದುವಂತೆ ಇಂಥದ್ದನ್ನು ತಿದ್ದಲು ಯಾವ ಕಂಪನಿಯ ಅಪ್ಪಣೆಯೂ ಬೇಡ. ಬೇಕಾದುದು ವರ್ಷವರ್ಷವೂ ಅದನ್ನು ಪರಿಷ್ಕರಿಸುವ ತಂಡ, ಆ ತಂಡಕ್ಕೆ ಆಯವ್ಯಯದಲ್ಲಿ ಒಂದು ಸಾಲು.