ಜೇನಿನ ಸಿಟ್ಟು, ಕಣಜದ ಸೌಮ್ಯತೆ

ಹಿರಿಯಡ್ಕದ ಸುತ್ತಿನ ಅಡಿಕೆ ತೋಟಗಳನ್ನು ಬಲ್ಲವರಿಗೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆಯೂ ಎತ್ತರದ ಮರಗಳಲ್ಲಿ ತೂಗುವ ಹೆಜ್ಜೇನೂ ಹೊಸತಲ್ಲ. ಹೆಜ್ಜೇನನ್ನು ನಾವು ಮುಂಗೋಪದ ಜೀವಿಯೆಂದೇ ಬಗೆದಿದ್ದೇವೆ. ಆದರೆ ಗೂಡಿನಿಂದ ದೂರ, ಹೂವಿನ ಮೇಲೆ ಒಂಟಿಯಾಗಿ ಕುಳಿತ ಅದೇ ನೊಣ ಕೈ ಬೀಸಿದರೆ ಹಾರಿಹೋಗುತ್ತದೆಯೇ ಹೊರತು ಸಾಮಾನ್ಯವಾಗಿ ಜಗಳಕ್ಕೆ ನಿಲ್ಲುವುದಿಲ್ಲ. ಹಾಗಾದರೆ ಸಿಟ್ಟು ಎಲ್ಲಿಂದ ಬರುತ್ತದೆ?

ಅದು ಗಂಧದಿಂದ ಬರುತ್ತದೆ. ಕುಟುಕಿದ ಮುಳ್ಳು ನಮ್ಮ ಚರ್ಮದಲ್ಲಿಯೇ ಉಳಿದು, ಅದರ ಬುಡದಿಂದ ಬಾಳೆಹಣ್ಣಿನ ವಾಸನೆಯನ್ನು ಹೋಲುವ ದ್ರವ್ಯ ಹೊಮ್ಮುತ್ತದೆ. ಒಂದೇ ಜಾತಿಯ ಜೀವಿಗಳು ತಮ್ಮತಮ್ಮಲ್ಲಿ ಸಂದೇಶಕ್ಕಾಗಿ ಸೂಸುವ ಇಂತಹ ದ್ರವ್ಯಗಳಿಗೆ ವಿಜ್ಞಾನಿಗಳು 1959ರಲ್ಲಿ ಫೆರಮೋನ್ ಎಂದು ಹೆಸರಿಟ್ಟರು. ಈ ಗಂಧ ತಾಗಿದ ಜೇನುಗಳ ಮಿದುಳಿನಲ್ಲಿ ಸಿರೊಟೋನಿನ್, ಡೋಪಮೈನ್ ಎಂಬ ರಾಸಾಯನಿಕಗಳ ಪ್ರಮಾಣ ಏರುತ್ತದೆಂಬುದು ಯುರೋಪಿನ ಜೇನಿನ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ನಮ್ಮ ಹೆಜ್ಜೇನಿನ ಗಂಧದಲ್ಲಿ ಬೇಗ ಆರಿಹೋಗದ ಮತ್ತೊಂದು ದ್ರವ್ಯವೂ ಬೆರೆತಿರುವುದರಿಂದ ಅದು ಬಹು ದೂರ ಬೆನ್ನಟ್ಟುತ್ತದೆ. ಕುಟುಕಿಸಿಕೊಂಡವರು ನಿಂತು ಹೊಡೆಯುತ್ತಾ ಹೋದರೆ ಮೈಯೆಲ್ಲ ಆ ವಾಸನೆ ಮೆತ್ತಿಕೊಂಡು ಇನ್ನಷ್ಟು ನೊಣಗಳು ಬರುತ್ತವೆ. ಮುಖ ಮುಚ್ಚಿಕೊಂಡು ಓಡಿ ಕೋಣೆಯೊಳಗೆ ಸೇರಿ, ತಡಮಾಡದೆ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯುವುದೇ ಉಪಾಯ. ಹಲವು ಕಡೆ ಕುಟುಕಿದ್ದರೆ, ಉಸಿರು ಕಟ್ಟಿದಂತಾದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಜೇನಿನ ಪ್ರಣಯವೂ ಗಂಧದ್ದೇ. ಗೂಡಿನೊಳಗೆ ರಾಣಿಯ ಗಂಧ ಕೆಲಸಗಾರ ನೊಣಗಳು ಮೊಟ್ಟೆಯಿಡದಂತೆ ತಡೆಯುತ್ತದೆ. ಎಳೆಯ ರಾಣಿ ಬಾನಿಗೇರಿದಾಗ ಆ ಗಂಧದ ಮುಖ್ಯಾಂಶವೇ ಗಂಡುನೊಣಗಳನ್ನು ಸೆಳೆಯುತ್ತದೆ. ಕೂಡಿದ ಗಂಡು ಅಲ್ಲಿಯೇ ಸಾಯುತ್ತದೆ, ಪಾಪ!

ಇದಕ್ಕಿಂತ ನಮಗೆ ಸೋಜಿಗವೆನಿಸಿದ್ದು ಮನೆಯ ಮಾಡಿನಡಿಯಲ್ಲಿ ಕಾಗದದಂತಹ ಗೂಡು ಕಟ್ಟುವ ಕಣಜಗಳ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ರಾಘವೇಂದ್ರ ಗದಗಕರ್ ಅವರೂ ಅವರ ಶಿಷ್ಯರೂ ದಶಕಗಳ ಕಾಲ ಇಂಥ ಒಂದು ಜಾತಿಯನ್ನು, ರೊಪಲಿಡಿಯಾ ಮಾರ್ಜಿನೇಟವನ್ನು, ಅಭ್ಯಸಿಸಿದ್ದಾರೆ. ಒಡತಿಯಾದವಳು ಬಡಿದು ಆಳುವಳೆಂದು ನಾವು ಊಹಿಸುತ್ತೇವೆ. ಇಲ್ಲಿಯ ರಾಣಿಯಾದರೋ ಬಲು ಸಾಧು. ಅವಳನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲಿಯೇ ಕೆಲಸಗಾರ್ತಿಯರಲ್ಲಿ ಒಬ್ಬಳು ಉಗ್ರಳಾಗಿ ಉಳಿದವರ ಮೇಲೆರಗತೊಡಗುತ್ತಾಳೆ. ರಾಣಿಯನ್ನು ಮರಳಿಸಿದರೆ ಉಗ್ರತೆ ಇಳಿಯುತ್ತದೆ. ಮರಳಿಸದಿದ್ದರೆ ದಿನಗಳು ಕಳೆದಂತೆ ಅವಳ ಅಂಡಾಶಯ ಬಲಿತು, ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಟ್ಟು, ಅವಳೂ ಹಳೆಯ ರಾಣಿಯಂತೆಯೇ ಸೌಮ್ಯಳಾಗಿಬಿಡುತ್ತಾಳೆ.

ರಾಣಿ ತನ್ನ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತಾ ಒಂದು ಗ್ರಂಥಿಯ ಸ್ರಾವವನ್ನು ಹಚ್ಚುತ್ತಿರುತ್ತಾಳೆ. ಆ ಗ್ರಂಥಿಯ ಸಾರವನ್ನಷ್ಟೇ ಗೂಡಿಗೆ ಹಚ್ಚಿದರೂ, ರಾಣಿಯಿಲ್ಲದೆಯೇ, ಉಗ್ರಳಾದವಳು ತಣ್ಣಗಾದುದನ್ನು ಅವರು ತೋರಿಸಿದ್ದಾರೆ. ಉತ್ತರಾಧಿಕಾರಿ ಯಾರೆಂಬುದನ್ನು ರಾಣಿಯಿರುವಾಗ ವಿಜ್ಞಾನಿಗಳು ಗುರುತಿಸಲಾರರು. ಕಣಜಗಳಿಗೆ ಮಾತ್ರ ಅದು ಮೊದಲೇ ಗೊತ್ತಿದ್ದಂತೆ ಕಾಣುತ್ತದೆ. ಅವಳು ಮುಂದೆ ಬಂದಾಗ ಎದುರಾಡುವವರು ಯಾರೂ ಇರುವುದಿಲ್ಲ.