ಬಾಡಿಗೆ ಗಣಕಯಂತ್ರಗಳು ಮತ್ತು ಮಳೆಯ ಮುನ್ಸೂಚನೆ: ಕಾರವಾರ, ಅಂಕೋಲಾ ರೈತರು ತಿಳಿಯಬೇಕಾದುದು



2025ರಲ್ಲಿ ನೈಋತ್ಯ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. 2009ರ ನಂತರ ಅದು ಅಷ್ಟು ಬೇಗ ಬಂದದ್ದು ಅದೇ ಮೊದಲು. ಆದರೆ ಬೇಗ ಬಂದ ಮುಂಗಾರು ಉತ್ತರದತ್ತ ಸಾಗದೆ ಸುಮಾರು 20 ದಿನ ನಿಂತಲ್ಲೇ ನಿಂತಿತು. ಅದೇ ಹಂಗಾಮಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕೃತಕ ಬುದ್ಧಿಮತ್ತೆಯಿಂದ ಸಿದ್ಧವಾದ ಮುಂಗಾರು ಆರಂಭದ ಮುನ್ಸೂಚನೆಯನ್ನು ಮೊಬೈಲ್ ಸಂದೇಶದ ಮೂಲಕ ತಲುಪಿಸಿತು. ನಡುವಿನ ಈ ಬಿಡುವನ್ನು ಆ ಮುನ್ಸೂಚನೆಯು ಗುರುತಿಸಿತ್ತೆಂದು ಸಚಿವಾಲಯ ತಿಳಿಸಿದೆ.

ಇಂತಹ ಬಿಡುವಿನ ಅರ್ಥವನ್ನು ಗಜನಿ ಭೂಮಿಯ ರೈತರಿಗೆ ವಿವರಿಸಬೇಕಾಗಿಲ್ಲ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಅಲ್ಲಿ ಮೊಳಕೆ ಬಿತ್ತನೆ. ಬಿತ್ತಿದ ನಂತರ ಮಳೆ ಕೈಕೊಟ್ಟರೆ ಉಪ್ಪು ಮತ್ತೆ ಮೇಲೇರಿ ಎಳೆಯ ಸಸಿ ಸುಡುತ್ತದೆ. ಬೀಜವೂ ಹೋಯಿತು, ದಿನವೂ ಹೋಯಿತು. ಹತ್ತು ಹನ್ನೆರಡು ದಿನ ಮುಂಚಿತವಾಗಿ ಸಿಗುವ ವಿಶ್ವಾಸಾರ್ಹ ಸೂಚನೆಯೊಂದು ಈ ನಷ್ಟವನ್ನು ತಪ್ಪಿಸಬಲ್ಲದು.

ಆ ಸೂಚನೆಯ ಹಿಂದೆ ಅಪಾರ ಗಣನೆಯಿದೆ. ಆ ಗಣನೆಗೆ ಬೇಕಾದ ಯಂತ್ರಗಳನ್ನು ಸ್ವಂತಕ್ಕೆ ಕೊಳ್ಳುವ ಬದಲು, ಹಂಚಿಕೊಂಡು ಬಳಸುವ ಗಣಕ ಸಮೂಹಕ್ಕೆ ಅಗತ್ಯ ಬಿದ್ದಾಗ ಬಾಡಿಗೆ ಯಂತ್ರಗಳನ್ನು ಸೇರಿಸುವ ಕ್ರಮವು ಈಗ ದೇಶದಲ್ಲಿ ವ್ಯಾಪಕವಾಗುತ್ತಿದೆ. ಇದರಿಂದ ಕರಾವಳಿಯ ರೈತನಿಗೆ ಆಗುವ ಲಾಭವೇನು, ಇದರ ಮಿತಿಯೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗಣನೆ ಏಕೆ ಹೆಚ್ಚಬೇಕು?

ಹವಾಮಾನ ಮಾದರಿಯು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಗಾಳಿ, ತೇವ, ಉಷ್ಣತೆಗಳ ಲೆಕ್ಕ ಹಾಕುತ್ತದೆ. ಭಾರತದಲ್ಲಿ ಈ ಚೌಕದ ಬದಿ 12 ಕಿಲೋಮೀಟರ್ ಇತ್ತು. 2025ರ ಮೇ 26ರಂದು ಲೋಕಾರ್ಪಣೆಗೊಂಡ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅದನ್ನು 6 ಕಿಲೋಮೀಟರಿಗೆ ಇಳಿಸಿತು. ಬದಿ ಅರ್ಧವಾದರೆ ಒಂದು ಚೌಕವು ನಾಲ್ಕಾಗುತ್ತದೆ. ಲೆಕ್ಕ ಹಾಕುವ ಕಾಲದ ಅಂತರವನ್ನೂ ಅರ್ಧ ಮಾಡಬೇಕಾಗುತ್ತದೆ. ಹೀಗೆ ಕೆಲಸವು ಸುಮಾರು ಎಂಟು ಪಟ್ಟಾಗುತ್ತದೆ.

ನಮ್ಮ ಎರಡು ತಾಲ್ಲೂಕುಗಳಿಗೆ ಈ ಸೂಕ್ಷ್ಮತೆ ಅತ್ಯಗತ್ಯ. ಬೇಲೆಕೇರಿಯ ಕಡಲಂಚಿನಿಂದ ಸುಂಕಸಾಳದ ಘಟ್ಟದ ಬುಡಕ್ಕೆ ದೂರ ಬಹಳವಿಲ್ಲ. ಮಳೆಯ ಸ್ವರೂಪ ಮಾತ್ರ ಬೇರೆಯೇ. ಕಡಲಿನ ತೇವಗಾಳಿ ಘಟ್ಟವನ್ನೇರುವಾಗ ಸುರಿಸುವ ಮಳೆಯನ್ನು ದೊಡ್ಡ ಚೌಕವು ಸರಾಸರಿಯಲ್ಲಿ ಕರಗಿಸಿಬಿಡುತ್ತದೆ. ಕಾಳಿ ನದಿಯ ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ನಿರ್ಧಾರವೂ ಘಟ್ಟದ ಮೇಲಿನ ಮಳೆಯನ್ನೇ ಅವಲಂಬಿಸಿದೆ. 2019ರ ಆಗಸ್ಟ್‌ನಲ್ಲಿ ಕಾಳಿ ಮತ್ತು ಗಂಗಾವಳಿ ತೀರದ ಗ್ರಾಮಗಳು ನೆರೆಯನ್ನು ಕಂಡವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರೂ, ಗಂಗಾವಳಿಯ ಆಚೆ ದಡದ ಉಳುವರೆಯವರೂ ಸಂಕಟಕ್ಕೊಳಗಾದರು. ಸೂಕ್ಷ್ಮ ಮುನ್ಸೂಚನೆಯೊಂದರಿಂದಲೇ ಇಂತಹ ದುರಂತ ತಪ್ಪುತ್ತದೆ ಎನ್ನಲಾಗದು. ಗುಡ್ಡದ ಕಡಿತ, ಮಣ್ಣಿನ ಗುಣ ಮುಂತಾದ ಕಾರಣಗಳು ಬೇರೆಯೇ ಇವೆ. ಆದರೆ ಎಚ್ಚರಿಕೆಯು ಗ್ರಾಮದ ಮಟ್ಟಕ್ಕೆ ಇಳಿಯದಿದ್ದರೆ ಜನರು ಅದನ್ನು ತಮ್ಮದೆಂದು ಭಾವಿಸುವುದಿಲ್ಲ.

ಸ್ವಂತ ಯಂತ್ರ, ಹಂಚಿಕೆಯ ಯಂತ್ರ, ಬಾಡಿಗೆಯ ಯಂತ್ರ

2024ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ‘ಅರ್ಕ’ ಮತ್ತು ನೋಯಿಡಾದಲ್ಲಿ ‘ಅರುಣಿಕ’ ಎಂಬ ಸೂಪರ್‌ಕಂಪ್ಯೂಟರ್‌ಗಳು ಹವಾಮಾನ ಕಾರ್ಯಕ್ಕೆಂದೇ ಆರಂಭವಾದವು. ಇವುಗಳ ಒಟ್ಟು ವೆಚ್ಚ ಸುಮಾರು 850 ಕೋಟಿ ರೂಪಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ ಪ್ರವೇಗ’ವನ್ನು ಅನೇಕ ಸಂಶೋಧಕರು ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಇವು ಸ್ವಂತ ಯಂತ್ರಗಳು.

2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು 10,371.92 ಕೋಟಿ ರೂಪಾಯಿಗಳ ಇಂಡಿಯಾ ಎಐ ಮಿಷನ್‌ಗೆ ಅನುಮೋದನೆ ನೀಡಿತು. ಇಲ್ಲಿ ಕ್ರಮ ಭಿನ್ನ. ಸರ್ಕಾರವು ಎಲ್ಲ ಯಂತ್ರಗಳನ್ನೂ ತಾನೇ ಕೊಳ್ಳದೆ, ಖಾಸಗಿ ಕ್ಲೌಡ್ ಸಂಸ್ಥೆಗಳ ಯಂತ್ರಗಳಿಗೆ ದರ ಗೊತ್ತುಪಡಿಸಿ, ವಿಶ್ವವಿದ್ಯಾಲಯ, ನವೋದ್ಯಮ ಹಾಗೂ ಸರ್ಕಾರಿ ಇಲಾಖೆಗಳಿಗೆ ಬಾಡಿಗೆಯ ಮೇಲೆ ದೊರಕಿಸುತ್ತದೆ. ಅರ್ಹ ಬಳಕೆದಾರರ ಬಾಡಿಗೆಯಲ್ಲಿ ಶೇಕಡಾ 40ರವರೆಗೆ ತಾನು ಭರಿಸುತ್ತದೆ. 2024ರಲ್ಲಿ ಗುರಿ 10,000 ಜಿಪಿಯು ಯಂತ್ರಗಳಾಗಿತ್ತು. 2025ರಲ್ಲಿ ಆ ಸಂಖ್ಯೆ 38,000ವನ್ನು ದಾಟಿತು. ಸರಾಸರಿ ದರವು ಗಂಟೆಗೆ ಸುಮಾರು 65 ರೂಪಾಯಿ ಎಂದು ಸರ್ಕಾರ ಪ್ರಕಟಿಸಿದೆ.

ಇದನ್ನು ನಿಮಗೆ ಪರಿಚಿತವಾದ ಕೃಷಿ ಯಂತ್ರಧಾರೆಯ ಮೂಲಕ ಅರ್ಥಮಾಡಿಕೊಳ್ಳಬಹುದು. 2014-15ರಿಂದ ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದ ಬಾಡಿಗೆ ಸೇವಾ ಕೇಂದ್ರಗಳಿವೆ. ನಾಟಿಯ ಕಾಲದಲ್ಲಿ ಎಲ್ಲರಿಗೂ ಒಂದೇ ವಾರದಲ್ಲಿ ಟಿಲ್ಲರ್ ಬೇಕು. ಉಳಿದ ದಿನಗಳಲ್ಲಿ ಅದು ಕೊಟ್ಟಿಗೆಯಲ್ಲಿರುತ್ತದೆ. ಆ ಒಂದು ವಾರಕ್ಕಾಗಿ ಹತ್ತು ಟಿಲ್ಲರ್ ಕೊಳ್ಳುವುದು ಜಾಣತನವಲ್ಲ. ಇರುವ ಎರಡನ್ನು ಉಳಿಸಿಕೊಂಡು, ಬೇಡಿಕೆ ಏರಿದಾಗ ಹೊರಗಿನಿಂದ ಬಾಡಿಗೆಗೆ ತರಿಸಿ, ಕೆಲಸ ಮುಗಿದ ಕೂಡಲೇ ಹಿಂದಿರುಗಿಸುವುದು ಮೇಲು. ಗಣಕ ಸಮೂಹದಲ್ಲಿಯೂ ಕೆಲಸಗಳ ಸರದಿ ಪಟ್ಟಿಯೊಂದಿರುತ್ತದೆ. ಪಟ್ಟಿ ಉದ್ದವಾದಾಗ ಕ್ಲೌಡ್‌ನಿಂದ ಯಂತ್ರಗಳನ್ನು ಪಡೆದು ಅದೇ ಸಮೂಹಕ್ಕೆ ಸೇರಿಸಲಾಗುತ್ತದೆ. ಬಳಕೆದಾರನು ತನ್ನ ಕೆಲಸವನ್ನು ಎಂದಿನಂತೆ ಸರದಿಗೆ ಒಪ್ಪಿಸುತ್ತಾನೆ. ಅದು ಸ್ವಂತ ಯಂತ್ರದಲ್ಲಿ ನಡೆಯಿತೋ ಬಾಡಿಗೆಯದರಲ್ಲೋ ಎಂಬುದು ಅವನಿಗೆ ಮುಖ್ಯವಲ್ಲ.

ಎಲ್ಲ ಕೆಲಸಕ್ಕೂ ಬಾಡಿಗೆ ಯಂತ್ರ ಹೊಂದುವುದಿಲ್ಲ

ಕಳೆ ಕೀಳುವ ಕೆಲಸವನ್ನು ಹತ್ತು ಆಳುಗಳಿಗೆ ಹತ್ತು ಗದ್ದೆಗಳಲ್ಲಿ ಹಂಚಬಹುದು. ಒಬ್ಬರು ಇನ್ನೊಬ್ಬರನ್ನು ಕಾಯಬೇಕಿಲ್ಲ. ರೋಗ ಮತ್ತು ಕೀಟಗಳ ಛಾಯಾಚಿತ್ರಗಳ ಪರಿಶೀಲನೆ ಇಂತಹ ಕೆಲಸ. 2024ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಕೀಟ ಸರ್ವೇಕ್ಷಣಾ ವ್ಯವಸ್ಥೆಗೆ ಬರುವ ಚಿತ್ರಗಳಲ್ಲಿ ಒಂದರ ಫಲಿತಾಂಶ ಮತ್ತೊಂದನ್ನು ಅವಲಂಬಿಸುವುದಿಲ್ಲ. ಬೆಳೆ ಸಮೀಕ್ಷೆಯ ಚಿತ್ರಗಳೂ, ಪ್ರತಿ ಪಂಚಾಯಿತಿಗೆ ಪ್ರತ್ಯೇಕವಾಗಿ ಸಿದ್ಧಪಡಿಸುವ ಸಲಹೆಗಳೂ ಹಾಗೆಯೇ. ಬಾಡಿಗೆ ಯಂತ್ರಗಳು ಇಲ್ಲಿ ಚೆನ್ನಾಗಿ ಹೊಂದುತ್ತವೆ.

ದೊಡ್ಡ ಹವಾಮಾನ ಮಾದರಿಯ ಸ್ಥಿತಿ ಬೇರೆ. ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ಹೋಗಲೇಬೇಕಾದ್ದರಿಂದ ಯಂತ್ರಗಳು ಕ್ಷಣಕ್ಷಣಕ್ಕೂ ಪರಸ್ಪರ ಮಾಹಿತಿ ವಿನಿಮಯ ಮಾಡುತ್ತಿರಬೇಕು. ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸುವವರಲ್ಲಿ ಒಬ್ಬ ನಿಧಾನಿಸಿದರೆ ಇಡೀ ಸಾಲು ನಿಲ್ಲುವಂತೆ, ಒಂದು ಯಂತ್ರ ತಡವಾದರೆ ಎಲ್ಲವೂ ಕಾಯುತ್ತವೆ. ದೂರದಲ್ಲಿ ಚದುರಿದ ಬಾಡಿಗೆ ಯಂತ್ರಗಳಿಗಿಂತ ಅರ್ಕ, ಅರುಣಿಕಗಳಂತಹ ಒಂದೇ ಸೂರಿನ ಯಂತ್ರಗಳು ಈ ಕೆಲಸಕ್ಕೆ ತಕ್ಕವು. ಕೃತಕ ಬುದ್ಧಿಮತ್ತೆಯ ಮಾದರಿಗಳು ಈ ಲೆಕ್ಕವನ್ನು ಸ್ವಲ್ಪ ಬದಲಿಸಿವೆ. 2023ರಲ್ಲಿ ಪ್ರಕಟವಾದ ಗ್ರಾಫ್‌ಕಾಸ್ಟ್ ಎಂಬ ಮಾದರಿಯು 10 ದಿನಗಳ ಜಾಗತಿಕ ಮುನ್ಸೂಚನೆಯನ್ನು ಒಂದೇ ಯಂತ್ರದಲ್ಲಿ ಒಂದು ನಿಮಿಷದೊಳಗೆ ನೀಡಬಲ್ಲದು.

ಬಾಡಿಗೆಯಲ್ಲಿನ ಮೂರು ಅಪಾಯಗಳು

ಮೊದಲನೆಯದು ಮರೆವು. ಉದಾಹರಣೆಗೆ, ಗಂಟೆಗೆ 65 ರೂಪಾಯಿಯಂತೆ ಹತ್ತು ಯಂತ್ರಗಳನ್ನು ಆರು ಗಂಟೆ ಬಳಸಿದರೆ ಬಾಡಿಗೆ 3,900 ರೂಪಾಯಿ. ಕೆಲಸ ಮುಗಿದ ಮೇಲೆ ಅವನ್ನು ನಿಲ್ಲಿಸಲು ಮರೆತು ಮೂವತ್ತು ದಿನ ಬಿಟ್ಟರೆ ಅದು 4,68,000 ರೂಪಾಯಿ. ಸರದಿ ಖಾಲಿಯಾದಾಗ ಯಂತ್ರಗಳು ತಾವಾಗಿಯೇ ಸಮೂಹದಿಂದ ಹೊರಬೀಳುವ ಮತ್ತು ನಿಗದಿತ ಅವಧಿ ಮೀರದ ಏರ್ಪಾಡು ಮೊದಲ ದಿನವೇ ಇರಬೇಕು.

ಎರಡನೆಯದು ಹಿಂತೆಗೆತ. ಅಗ್ಗದ ದರದ ಕೆಲವು ಯಂತ್ರಗಳನ್ನು ಸಂಸ್ಥೆಯು ಕೆಲವೇ ನಿಮಿಷಗಳ ಸೂಚನೆ ನೀಡಿ ಹಿಂಪಡೆಯಬಹುದು. ಅರ್ಧ ಕೆಲಸವನ್ನು ಆಗಾಗ ಕಾದಿರಿಸುವ ವ್ಯವಸ್ಥೆ ಇಲ್ಲದಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ನೆರೆಯ ಎಚ್ಚರಿಕೆಯಂತಹ ಜೀವರಕ್ಷಕ ಸೇವೆಯನ್ನು ಇಂತಹ ಯಂತ್ರಗಳ ಮೇಲೆ ನಿಲ್ಲಿಸಬಾರದು.

ಮೂರನೆಯದು ಮಾಹಿತಿಯ ಒಡೆತನ. ನಿಮ್ಮ ಸರ್ವೆ ನಂಬರು, ಬೆಳೆಯ ಚಿತ್ರ, ಫ್ರೂಟ್ಸ್ ಗುರುತಿನ ಸಂಖ್ಯೆ ಇವೆಲ್ಲ ನಿಮ್ಮವು. ಇವನ್ನು ಬಾಡಿಗೆ ಯಂತ್ರಕ್ಕೆ ಕಳುಹಿಸುವಾಗ ಹೆಸರು, ಗುರುತು ತೆಗೆದು ಕಳುಹಿಸುವುದು ಉತ್ತಮ ಕ್ರಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಹಾಗೂ ಉದ್ದೇಶದ ಮಿತಿಗೆ ಒತ್ತು ನೀಡಿದೆ. ಇದರ ಜೊತೆಗೆ, ಬಹಳಷ್ಟು ಕ್ಲೌಡ್ ಸಂಸ್ಥೆಗಳು ಮಾಹಿತಿಯನ್ನು ಒಳಗೆ ಸೇರಿಸಲು ಶುಲ್ಕ ಪಡೆಯುವುದಿಲ್ಲ, ಹೊರಗೆ ಒಯ್ಯಲು ಪಡೆಯುತ್ತವೆ. ಯೋಜನೆಯ ಅಂದಾಜಿನಲ್ಲಿ ಈ ಸಾಗಣೆಯ ವೆಚ್ಚವೂ ಸೇರಿರಬೇಕು.

ಬಾಡಿಗೆಗೆ ಸಿಗದ ವಸ್ತು

ಈ ಚರ್ಚೆಯಲ್ಲಿ ಮುಖ್ಯ ಅಂಶವೊಂದು ಸಾಮಾನ್ಯವಾಗಿ ಮರೆಯಾಗುತ್ತದೆ. ಗ್ರಾಫ್‌ಕಾಸ್ಟ್‌ನಂತಹ ಮಾದರಿಗಳು ವೇಗವಾಗಿರುವುದು ಸುಮಾರು 40 ವರ್ಷಗಳ ಹವಾಮಾನ ದಾಖಲೆಯಿಂದ ಅವು ಕಲಿತಿರುವುದರಿಂದ. ದಾಖಲೆ ವಿರಳವಾಗಿರುವ ಕಡೆ ಎಷ್ಟು ಯಂತ್ರ ಸೇರಿಸಿದರೂ ಉತ್ತರ ಮಸುಕಾಗಿಯೇ ಇರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿರುವುದು ನಮ್ಮ ರಾಜ್ಯದ ದೊಡ್ಡ ಬಲ. ಆದರೆ ಕೊಂಬೆ ಮುಚ್ಚಿದ, ಕಸ ಕಟ್ಟಿಕೊಂಡ ಮಳೆಮಾಪಕವು ತಪ್ಪು ಅಂಕಿಯನ್ನೇ ಕಳುಹಿಸುತ್ತದೆ. ಹೊರಗಿನಿಂದ ಯಂತ್ರಗಳನ್ನು ತರಬಹುದು. ನಮ್ಮ ಊರಿನ ಮಳೆಯನ್ನು ನಾವೇ ಅಳೆಯಬೇಕು. ಯಂತ್ರಗಳ ಬಾಡಿಗೆಗೆ ಹಣ ಒದಗಿಸುವಾಗಲೆಲ್ಲ ಮಾಪಕಗಳ ನಿರ್ವಹಣೆಗೂ ಹಣ ಮೀಸಲಿಡಬೇಕೆಂಬುದು ಈ ವಿಶ್ಲೇಷಣೆಯ ಮುಖ್ಯ ನಿಲುವು.

ರೈತರು ಅನುಸರಿಸಬಹುದಾದ ಕ್ರಮಗಳು

1. ಬೆಳಿಗ್ಗೆ 8.30ಕ್ಕೆ ಮಳೆಯನ್ನು ಅಳೆದು ಬರೆದಿಡಿ. ಮಳೆಮಾಪಕ ಇಲ್ಲದಿದ್ದರೆ ನೇರ ಗೋಡೆಯ ಡಬ್ಬಿ ಮತ್ತು ಅಳತೆಪಟ್ಟಿ ಸಾಕು. ಡಬ್ಬಿಯು ಮರ ಹಾಗೂ ಸೂರಿನಿಂದ ದೂರವಿರಲಿ.

2. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ ಭಾರಿ, 115.6 ಮಿ.ಮೀ.ನಿಂದ ಅತಿ ಭಾರಿ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ. ನಿಮ್ಮ ಅಳತೆಯನ್ನು ಮುನ್ಸೂಚನೆಯೊಂದಿಗೆ ಹೋಲಿಸಿ ನೋಡಿ; ಯಾವ ಸೂಚನೆ ನಿಮ್ಮ ಊರಿಗೆ ಎಷ್ಟು ಹೊಂದುತ್ತದೆ ಎಂಬುದು ಒಂದೆರಡು ಹಂಗಾಮಿನಲ್ಲಿ ತಿಳಿಯುತ್ತದೆ.

3. ಅಡಿಕೆ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೊ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಸಿಂಪಡಣೆಗೆ ಮಳೆಯ ಬಿಡುವನ್ನು ಮೇಘದೂತ್ ಆ್ಯಪ್‌ನಲ್ಲಿ ನೋಡಿ ನಿರ್ಧರಿಸಿ.

4. ಗಜನಿ ಭೂಮಿಯಲ್ಲಿ ಮೊದಲ ಮಳೆ ಬಂದ ಕೂಡಲೇ ಎಲ್ಲ ಬೀಜವನ್ನೂ ಬಿತ್ತದೆ, ಸ್ವಲ್ಪ ಭಾಗವನ್ನು ಮರುಬಿತ್ತನೆಗೆ ಉಳಿಸಿಕೊಳ್ಳಿ.

ವಿಸ್ತರಣಾ ಕಾರ್ಯಕರ್ತರಿಗೆ

ನಿಮ್ಮ ವ್ಯಾಪ್ತಿಯ ಮಳೆಮಾಪಕಗಳನ್ನು ಮೇ ತಿಂಗಳಲ್ಲಿಯೇ ಪರಿಶೀಲಿಸಿ. ಹೊಸ ಗಣಕ ಸೇವೆಯೊಂದು ನಿಮ್ಮ ಬಳಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ: ರೈತರ ಮಾಹಿತಿ ಎಲ್ಲಿ ಇರುತ್ತದೆ? ಯೋಜನೆಯ ಹಣ ಮುಗಿದ ಮೇಲೆ ಬಾಡಿಗೆ ಯಾರು ಕೊಡುತ್ತಾರೆ? ಸೇವೆ ನಿಂತರೆ ದಾಖಲೆ ನಮಗೆ ಹಿಂದಿರುಗುತ್ತದೆಯೇ? ಮುನ್ಸೂಚನೆ ತಪ್ಪಾದಾಗ ಅದನ್ನು ದಾಖಲಿಸುವವರು ಯಾರು? ಮೊಬೈಲ್ ಸಂದೇಶವು ಕನ್ನಡದಲ್ಲಿ, ಮಾಡಬೇಕಾದ ಕೆಲಸವನ್ನು ಹೇಳುವ ಒಂದೆರಡು ವಾಕ್ಯಗಳಲ್ಲಿರಲಿ. ನೆಟ್‌ವರ್ಕ್ ಸಿಗದ ಘಟ್ಟದ ಬುಡದ ಮಜರೆಗಳಿಗೆ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳ ಫಲಕಗಳ ಮೂಲಕ ತಲುಪಿಸಿ.

ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸಬಹುದು.